ಫೋಟೋ ಯಾಕೆ ಹೋಗ್ಲಿಲ್ಲ?

ನೀಲಿ ಬಣ್ಣದ ಇನ್‌ಲ್ಯಾಂಡ್ ಕಾಗದ ನಮಗೆಲ್ಲ ಗೊತ್ತು. ಓದು ಬಾರದ ಕಾಲದಲ್ಲಿ ಯಾರಿಂದಲೋ ಬರೆಸಿ ತವರಿಗೆ ಹಾಕಿದ್ದೇವೆ. ಆ ಕಾಗದದ ಮೇಲೆ ಒಂದು ಸೂಚನೆ ಅಚ್ಚಾಗಿರುತ್ತದೆ. ಒಳಗೆ ಏನನ್ನೂ ಇಡಬಾರದು ಎಂದು ಅದರ ಅರ್ಥ. ಮಗುವಿನ ಫೋಟೋ ಕಳಿಸಬೇಕು ಅಂದ್ರೆ ಇನ್‌ಲ್ಯಾಂಡ್ ನಡೆಯೋದಿಲ್ಲ. ಕವರು ತರಬೇಕು. ಕವರು ದಪ್ಪ ಆದ್ರೆ ಅಂಚೆಯಲ್ಲಿ ತೂಕ ಹಾಕುತ್ತಾರೆ. ತೂಕಕ್ಕೆ ತಕ್ಕ ಸ್ಟಾಂಪು ಹಚ್ಚಬೇಕು.

ಕಂಪ್ಯೂಟರಿನ ಇ-ಮೇಲ್ ಕೂಡ ಮೊದಲು ಇನ್‌ಲ್ಯಾಂಡಿನ ಹಾಗೇ ಇತ್ತು. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಎಂಬವರು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸಿದರು. ಆ ದಾರಿ ಇಂಗ್ಲಿಷ್ ಅಕ್ಷರಗಳಿಗಾಗಿಯೇ ಮಾಡಿದ್ದು. ಫೋಟೋ ಕಳಿಸಲು ಎಲ್ಲ ಕಂಪ್ಯೂಟರಿಗೂ ಹೊಂದುವ ಒಂದೇ ಕ್ರಮ ಇರಲಿಲ್ಲ. ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬ ಇಬ್ಬರು ಅಂಥ ಕ್ರಮ ಒಂದನ್ನು ಮಾಡಿದರು. 1992ರ ಮಾರ್ಚ್ 11ರಂದು ಬೊರೆನ್‌ಸ್ಟೈನ್ ಆ ಕ್ರಮದಲ್ಲಿ ಒಂದು ಪತ್ರ ಕಳಿಸಿದರು. ಪತ್ರದ ಜೊತೆ ಒಂದು ಫೋಟೋ ಇತ್ತು. ನಾಲ್ಕು ಜನ ಸೇರಿ ಹಾಡುವ ಅವರ ತಂಡದ ಫೋಟೋ ಅದು. ಅದೇ ಕ್ರಮ ಇವತ್ತಿಗೂ ನಡೆದಿದೆ. ನಮ್ಮ ಕನ್ನಡ ಅಕ್ಷರ ಇ-ಮೇಲಿನಲ್ಲಿ ಹೋಗುವುದಕ್ಕೂ ಇದೇ ಕ್ರಮ ದಾರಿ ಮಾಡಿತು.

ಇ-ಮೇಲ್ ಜೊತೆ ಫೋಟೋ ಇಡೋದಕ್ಕೆ 'ಅಟ್ಯಾಚ್ ಮಾಡೋದು' ಅಂತಾರೆ. ಕನ್ನಡದಲ್ಲಿ 'ಲಗತ್ತಿಸುವುದು'. ಈ ಮಾತು ನಮಗೆ ಹೊಸದಲ್ಲ. ಪಂಚಾಯಿತಿಗೆ ಅರ್ಜಿ ಕೊಡುವಾಗ ಕೊನೆಗೆ 'ಲಗತ್ತು: ರೇಷನ್ ಕಾರ್ಡಿನ ನಕಲು' ಎಂದು ಬರೆಯುತ್ತೇವಲ್ಲ, ಅದೇ ಲಗತ್ತು.

ಅರ್ಜಿಯಲ್ಲಿ ಲಗತ್ತು ಇಲ್ಲದಿದ್ರೆ ಗುಮಾಸ್ತರು ಅಲ್ಲೇ ಹೇಳ್ತಾರೆ. "ನಕಲು ಎಲ್ಲಮ್ಮಾ?" ಅಂತಾರೆ. ಇ-ಮೇಲಿನಲ್ಲಿ ಹಾಗೆ ಕೇಳೋರು ಎದುರಿಗೆ ಇರೋದಿಲ್ಲ. ಪತ್ರ ಹೋಗಿರುತ್ತೆ, ಫೋಟೋ ಮನೆಯಲ್ಲೇ ಉಳಿದಿರುತ್ತೆ. ನಾವು ಹೋಯ್ತು ಅಂದುಕೊಂಡು ಸುಮ್ಮನಿರುತ್ತೇವೆ. ಅದಕ್ಕೇ ಈ ಪಾಠ.

ಸೀರೆ ನಾಲ್ಕು, ಫೋಟೋ ಹನ್ನೆರಡು

ಧಾರವಾಡದ ಕಡೆಯ ಒಂದು ಊರು. ಅಲ್ಲಿ ಒಂದು ಸ್ತ್ರೀಶಕ್ತಿ ಸಂಘ. ಸಂಘದ ಅಕ್ಕಂದಿರು ಸೀರೆಗೆ ಕಸೂತಿ ಹಾಕುತ್ತಾರೆ. ಗೋಪುರ, ರಥ, ಪಲ್ಲಕ್ಕಿ, ಆನೆ, ತುಳಸಿ ವೃಂದಾವನ ಎಲ್ಲ ಅವರ ಸೂಜಿಯಲ್ಲಿ ಮೂಡುತ್ತವೆ. ಮೊದಲು ಒಬ್ಬ ಮಧ್ಯವರ್ತಿ ಬಂದು ಸೀರೆ ಒಯ್ಯುತ್ತಿದ್ದ. ಅವನು ಕೊಟ್ಟಷ್ಟೇ ಇವರಿಗೆ. ಅಂಗಡಿಯವರು ಅವನಿಗೆ ಎಷ್ಟು ಕೊಡುತ್ತಾರೆ ಎಂಬುದು ಇವರಿಗೆ ಗೊತ್ತೇ ಇರಲಿಲ್ಲ.

ಒಂದು ಮೇಳದಲ್ಲಿ ಬೆಂಗಳೂರಿನ ಅಂಗಡಿಯ ಒಬ್ಬ ಹೆಣ್ಣುಮಗಳು ಇವರ ಕೆಲಸ ನೋಡಿದರು. ನೇರವಾಗಿ ಇವರನ್ನೇ ಕೇಳಿದರು. ನಾಲ್ಕು ಸೀರೆಯ ಫೋಟೋ ಇ-ಮೇಲ್ ಮಾಡಿ ಅಂದರು. ಒಂದೊಂದು ಸೀರೆಗೆ ಮೂರು ಫೋಟೋ. ಇಡೀ ಸೀರೆ ಒಂದು, ಹೊಲಿಗೆ ಹತ್ತಿರದಿಂದ ಒಂದು, ಹಿಂಬದಿ ಒಂದು. ಶನಿವಾರದ ಒಳಗೆ ಬರಬೇಕು. ಆಮೇಲೆ ಅವರು ಹಬ್ಬದ ಖರೀದಿ ಮುಗಿಸುತ್ತಾರೆ.

ಹಿಂಬದಿ ಯಾಕೆ ಅಂತ ಕಸೂತಿ ಹಾಕುವವರಿಗೆ ಹೇಳಬೇಕಿಲ್ಲ. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಗವಂತಿ ಹೊಲಿಗೆ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಕೈಕೆಲಸವೋ ಯಂತ್ರದ ಕೆಲಸವೋ ಹಿಂಬದಿ ನೋಡಿದ್ರೆ ಗೊತ್ತಾಗುತ್ತೆ.

ಸಂಘದವರು ಮೊದಲು ವಾಟ್ಸಾಪಿನಲ್ಲಿ ಕಳಿಸಿದ್ದರು. ವಾಟ್ಸಾಪ್ ಫೋಟೋವನ್ನು ಹಿಂಡಿ ಸಣ್ಣದು ಮಾಡಿ ಕಳಿಸುತ್ತದೆ. ಮೊಮ್ಮಗನ ಮುಖ ನೋಡೋದಕ್ಕೆ ಅಷ್ಟು ಸಾಕು. ಹೊಲಿಗೆ ನೋಡೋದಕ್ಕೆ ಸಾಲದು. ಗವಂತಿ ಯಾವುದು, ಮೆಂತೆ ಯಾವುದು ಅಂತ ಅಂಗಡಿಯವರಿಗೆ ತಿಳಿಯಲೇ ಇಲ್ಲ.

ಸಂಘದ ಅಧ್ಯಕ್ಷೆಯ ಮನೆಯಲ್ಲಿ ಒಂದು ಕಂಪ್ಯೂಟರು ಇತ್ತು. ಮಗನ ಓದಿಗೆ ಅಂತ ತಂದಿದ್ದು. ಮಗ ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ. ಗುರುವಾರ ಸಂಜೆ ಎಲ್ಲರೂ ಅದರ ಮುಂದೆ ಕೂತರು. ಪತ್ರ ಬರೆದರು. ಫೋಟೋ ಮಾತ್ರ ಹೋಗಲಿಲ್ಲ. ನಾವು ಹೋದಾಗ ಎಲ್ಲರ ಮುಖ ಬಾಡಿತ್ತು.

"ಅಕ್ಕಾವ್ರ, ಫೋಟೋ ಹೋಗವಲ್ದ್ರಿ" ಅಂದರು ಅಧ್ಯಕ್ಷೆ.

"ಆ ಮಧ್ಯವರ್ತಿಗೇ ಹೇಳೂಣ್ರಿ, ಅವ ಕಳಸ್ತಾನ" ಅಂದರು ಇನ್ನೊಬ್ಬರು.

ಅವನು ಕಳಿಸ್ತಾನೆ, ನಿಜ. ಆದ್ರೆ ಉತ್ತರವೂ ಅವನಿಗೇ ಬರುತ್ತೆ. ಬೆಲೆಯೂ ಅವನಿಗೇ ಗೊತ್ತಾಗುತ್ತೆ. ಬನ್ನಿ, ಎಲ್ಲಿ ತೊಡಕಿದೆ ಅಂತ ನಾವೇ ನೋಡೋಣ ಅಂದೆವು.

ತೊಡಕು ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ನೋಡಬೇಕು. ಎಲ್ಲ ಬಟನ್ ಒತ್ತಿ ನೋಡಿದ್ರೆ ಯಾವುದರಿಂದ ಕೆಟ್ಟಿತು, ಯಾವುದರಿಂದ ಸರಿಹೋಯ್ತು ಎರಡೂ ತಿಳಿಯೋದಿಲ್ಲ. ದಾರ ಸಿಕ್ಕಾದಾಗ ಜಗ್ಗಿದ್ರೆ ಗಂಟು ಬಿಗಿಯಾಗುತ್ತೆ ಅಲ್ಲವೇ?

ಫೋಟೋ ಎಲ್ಲಿದೆ?

ಫೋಟೋ ತೆಗೆದದ್ದು ಫೋನಿನಲ್ಲಿ. ಕೂತದ್ದು ಕಂಪ್ಯೂಟರಿನ ಮುಂದೆ. ಫೋಟೋ ಇನ್ನೂ ಫೋನಿನಲ್ಲೇ ಇದ್ರೆ ಕಂಪ್ಯೂಟರು ಎಲ್ಲಿಂದ ಲಗತ್ತಿಸೀತು?

ಫೋನಿಗೂ ಕಂಪ್ಯೂಟರಿಗೂ ವೈರು ಹಾಕಿದೆವು. ಕಂಪ್ಯೂಟರಿನಲ್ಲಿ ಏನೂ ಕಾಣಲಿಲ್ಲ. ಇದು ಬಹಳ ಮನೆಯಲ್ಲಿ ಆಗುವ ತೊಂದರೆ. ವೈರು ಹಾಕಿದ ಕೂಡಲೇ ಫೋನು ಬರೀ ಚಾರ್ಜ್ ಆಗುತ್ತಿರುತ್ತದೆ. ಫೋನಿನ ಪರದೆಯನ್ನು ಮೇಲಿಂದ ಕೆಳಗೆ ಎಳೆದರೆ ಒಂದು ಸೂಚನೆ ಕಾಣುತ್ತದೆ. ಅದನ್ನು ಒತ್ತಿ 'ಫೈಲ್ ಟ್ರಾನ್ಸ್‌ಫರ್' ಎಂಬುದನ್ನು ಆರಿಸಬೇಕು. ಆಗ ಫೋನಿನ ಬಾಗಿಲು ತೆರೆಯುತ್ತದೆ. ಆ ಸೂಚನೆಯೇ ಬರದಿದ್ದರೆ ವೈರು ಬದಲಿಸಿ ನೋಡಿ. ಕೆಲವು ಅಗ್ಗದ ವೈರುಗಳಲ್ಲಿ ಕರೆಂಟು ಮಾತ್ರ ಹರಿಯುತ್ತೆ, ಫೋಟೋ ಹರಿಯೋದಿಲ್ಲ.

ಫೋನಿನ ಒಳಗೆ 'ಡಿಸಿಐಎಂ' ಎಂಬ ಫೋಲ್ಡರು ಇರುತ್ತದೆ. ಅದರೊಳಗೆ 'ಕ್ಯಾಮೆರಾ'. ಫೋಟೋ ಇರುವುದು ಅಲ್ಲಿ. ಫೋಲ್ಡರು ಅಂದ್ರೆ ಟ್ರಂಕು ಅಂತ ತಿಳಿಯಿರಿ. ಟ್ರಂಕಿನೊಳಗೆ ಇನ್ನೊಂದು ಸಣ್ಣ ಟ್ರಂಕು. ನಾವು ಕಂಪ್ಯೂಟರಿನಲ್ಲಿ 'ಸೀರೆ' ಎಂಬ ಹೊಸ ಫೋಲ್ಡರು ಮಾಡಿದೆವು. ಹನ್ನೆರಡು ಫೋಟೋವನ್ನೂ ಅದರಲ್ಲಿ ನಕಲು ಮಾಡಿದೆವು. ಹೆಸರನ್ನೂ ಬದಲಿಸಿದೆವು. ಕ್ಯಾಮೆರಾ ಕೊಡುವ ಹೆಸರು ಉದ್ದದ ಅಂಕಿ, ಅದನ್ನು ನೋಡಿ ಯಾವ ಸೀರೆ ಅಂತ ಹೇಳೋದು ಯಾರಿಂದಲೂ ಆಗದು. 'ಸೀರೆ 1 ಹಿಂಬದಿ' ಅಂತ ಬರೆದರೆ ಕಳಿಸುವವರಿಗೂ ಸುಲಭ, ನೋಡುವವರಿಗೂ ಸುಲಭ.

ಇಲ್ಲಿ ಇನ್ನೊಂದು ಮೋಸ ಇದೆ. ಪರದೆಯ ಮೇಲೆ ಕೆಲವು ಚಿತ್ರಗಳ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಇರುತ್ತದೆ. ಅದು ಫೋಟೋ ಅಲ್ಲ. ಫೋಟೋ ಎಲ್ಲಿದೆ ಎಂದು ಹೇಳುವ ಚೀಟಿ. 'ಶಾರ್ಟ್‌ಕಟ್' ಅಂತಾರೆ. ಅದನ್ನು ಲಗತ್ತಿಸಿದರೆ ಆ ಕಡೆಯವರಿಗೆ ಏನೂ ಕಾಣೋದಿಲ್ಲ. ಮನೆ ಮಾರುತ್ತೇನೆ ಅಂತ ಹೇಳಿ ವಿಳಾಸದ ಚೀಟಿ ಕೊಟ್ಟ ಹಾಗೆ!

ಫೋಟೋದ ತೂಕ

ಈಗ ಪತ್ರಕ್ಕೆ ಬಂದೆವು. ಜಿಮೇಲ್ ತೆರೆದು ಹೊಸ ಪತ್ರ ಶುರು ಮಾಡಿದರೆ ಕೆಳಗೆ ಸಾಲಾಗಿ ಸಣ್ಣ ಗುರುತುಗಳು ಕಾಣುತ್ತವೆ. ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪಿನ ಗುರುತು ಲಗತ್ತಿನದು. ಅದನ್ನು ಒತ್ತಿ, 'ಸೀರೆ' ಫೋಲ್ಡರಿಗೆ ಹೋಗಿ, ಫೋಟೋ ಆರಿಸಬೇಕು. ಬೆಟ್ಟದ ಚಿತ್ರ ಇರುವ ಗುರುತೂ ಒಂದಿದೆ. ಅದು ಫೋಟೋವನ್ನು ಪತ್ರದ ಸಾಲುಗಳ ನಡುವೆ ಇಡಲು. ಅಂಗಡಿಗೆ, ಕಚೇರಿಗೆ ಕಳಿಸುವಾಗ ಕ್ಲಿಪ್ಪೇ ಒಳ್ಳೆಯದು. ಅವರು ಇಳಿಸಿಕೊಂಡು ಇಟ್ಟುಕೊಳ್ಳಬಹುದು.

ಗುರುತುಗಳ ಹೆಸರು ಇಂಗ್ಲಿಷಿನಲ್ಲಿ ಬಂದರೆ ಗಾಬರಿ ಬೇಡ. ಜಿಮೇಲಿನ ಸೆಟ್ಟಿಂಗಿನಲ್ಲಿ ಭಾಷೆ ಕನ್ನಡ ಎಂದು ಆರಿಸಬಹುದು. ಇದನ್ನು ಮೊದಲ ದಿನವೇ ಮಾಡಿಸಿಕೊಳ್ಳಿ. ಕನ್ನಡ ಕಲಿತವರು ಕನ್ನಡದಲ್ಲೇ ಕೆಲಸ ಮಾಡಬೇಕು.

ಸಂಘದವರು ಹನ್ನೆರಡು ಫೋಟೋವನ್ನೂ ಒಟ್ಟಿಗೆ ಆರಿಸಿದ್ದರು. ತೊಡಕು ಇದ್ದದ್ದು ಇಲ್ಲೇ.

ಫೋಟೋದ ತೂಕವನ್ನು ಕೆಬಿ, ಎಂಬಿ ಎಂಬ ಅಳತೆಯಲ್ಲಿ ಹೇಳುತ್ತಾರೆ. ಕೆಬಿ ಗ್ರಾಮಿನ ಹಾಗೆ, ಎಂಬಿ ಕಿಲೋ ಹಾಗೆ. ಸುಮಾರು ಸಾವಿರ ಕೆಬಿ ಸೇರಿದರೆ ಒಂದು ಎಂಬಿ. ಫೋಟೋದ ಮೇಲೆ ಮೌಸಿನ ಬಲಗಡೆ ಬಟನ್ ಒತ್ತಿ 'ಪ್ರಾಪರ್ಟೀಸ್' ಆರಿಸಿದರೆ ತೂಕ ಕಾಣುತ್ತದೆ. ನಾವು ನೋಡಿದೆವು. ಒಂದೊಂದು ಫೋಟೋ ಸುಮಾರು 4 ಎಂಬಿ. ಹನ್ನೆರಡು ಫೋಟೋಗೆ ಎಷ್ಟು? ಒಬ್ಬ ಅಕ್ಕ ಬೆರಳು ಮಡಿಸಿ ಹೇಳಿದರು. "ನಲವತ್ತೆಂಟು."

ಜಿಮೇಲಿನಲ್ಲಿ ಒಂದು ಪತ್ರಕ್ಕೆ 25 ಎಂಬಿ ಮಾತ್ರ ಲಗತ್ತಿಸಬಹುದು.

25 ಇದೆ ಅಂತ 25 ತುಂಬಬಾರದು. ಇ-ಮೇಲಿನ ದಾರಿ ಅಕ್ಷರಗಳಿಗಾಗಿ ಮಾಡಿದ್ದು ಅಂತ ಮೊದಲೇ ಹೇಳಿದೆವು. ಆದ್ದರಿಂದ ಫೋಟೋ ಹೋಗುವ ಮುಂಚೆ ಕಂಪ್ಯೂಟರು ಅದನ್ನು ಅಕ್ಷರಗಳಾಗಿ ಬದಲಿಸುತ್ತದೆ. ಹಾಗೆ ಬದಲಿಸುವಾಗ ಮೂರು ಪಾಲು ಇದ್ದದ್ದು ನಾಲ್ಕು ಪಾಲಾಗುತ್ತದೆ. ಮಡಕೆಯನ್ನು ಹುಲ್ಲಿನಲ್ಲಿ ಸುತ್ತಿ ಬುಟ್ಟಿಗೆ ಇಟ್ಟರೆ ಬುಟ್ಟಿ ಭಾರವಾಗುವುದಿಲ್ಲವೇ, ಹಾಗೆ. ಕೆಲವು ಕಚೇರಿಗಳು 10 ಎಂಬಿಗಿಂತ ದೊಡ್ಡ ಪತ್ರವನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ನಮ್ಮ ಲೆಕ್ಕ ಇಷ್ಟು: ಒಂದು ಪತ್ರಕ್ಕೆ 16 ಎಂಬಿ ದಾಟಬಾರದು.

25 ದಾಟಿದಾಗ ಜಿಮೇಲ್ ಫೋಟೋಗಳನ್ನು 'ಡ್ರೈವ್' ಎಂಬ ತನ್ನ ಗೋದಾಮಿನಲ್ಲಿ ಇಡುತ್ತದೆ. ಪತ್ರದಲ್ಲಿ ಗೋದಾಮಿನ ದಾರಿ ಮಾತ್ರ ಹೋಗುತ್ತದೆ. ಅದನ್ನು 'ಲಿಂಕ್' ಅಂತಾರೆ. ನೋಡಲು ಒಪ್ಪಿಗೆ ಕೊಡದಿದ್ದರೆ ಆ ಕಡೆಯವರು ಬೀಗದ ಮುಂದೆ ನಿಲ್ಲಬೇಕಾಗುತ್ತದೆ. "ನಿಮ್ಮ ಫೋಟೋ ತೆರೀತಿಲ್ಲ" ಅಂತ ಯಾರಾದ್ರೂ ಹೇಳಿದ್ರೆ ಮೊದಲು ಇದನ್ನು ನೋಡಿ.

ಈಗ ಎರಡು ದಾರಿ. ಮೂರು ಪತ್ರ ಮಾಡಿ ನಾಲ್ಕು ನಾಲ್ಕು ಫೋಟೋ ಕಳಿಸೋದು ಒಂದು ದಾರಿ. ಫೋಟೋವನ್ನೇ ಹಗುರ ಮಾಡೋದು ಇನ್ನೊಂದು. ಯಾವುದು ಸರಿ?

ಕಸೂತಿ ಹಾಕುವವರಿಗೆ ಇದು ಬೇಗ ತಿಳಿಯುತ್ತದೆ. ನಾವು ಬಟ್ಟೆಯ ಎಳೆ ಎಣಿಸಿ ಹೊಲಿಗೆ ಹಾಕುತ್ತೇವೆ. ಎಳೆ ಹೆಚ್ಚಿದ್ದಷ್ಟೂ ಆನೆಯ ಸೊಂಡಿಲು ನಯವಾಗಿ ಬಾಗುತ್ತದೆ. ಎಳೆ ಕಡಿಮೆ ಆದ್ರೆ ಸೊಂಡಿಲು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಫೋಟೋ ಕೂಡ ಹಾಗೇ. ಅದು ಸಣ್ಣ ಸಣ್ಣ ಚುಕ್ಕೆಗಳಿಂದ ಆಗಿದೆ. ನಮ್ಮ ಸಂಘದ ಫೋಟೋದಲ್ಲಿ ಅಡ್ಡಕ್ಕೆ 4000 ಚುಕ್ಕೆ, ಉದ್ದಕ್ಕೆ 3000 ಚುಕ್ಕೆ ಇದ್ದವು. ಗುಣಿಸಿದರೆ ಒಟ್ಟು 1 ಕೋಟಿ 20 ಲಕ್ಷ ಚುಕ್ಕೆ. ಅಷ್ಟನ್ನೂ ಹೊರುವುದಕ್ಕೆ 4 ಎಂಬಿ ಬೇಕು.

ಅಡ್ಡ ಅರ್ಧ, ಉದ್ದ ಅರ್ಧ ಮಾಡಿದರೆ? 2000 ಚುಕ್ಕೆ, 1500 ಚುಕ್ಕೆ. ಒಟ್ಟು 30 ಲಕ್ಷ. ಅರ್ಧ ಮಾಡಿದೆವು, ಆದ್ರೆ ಚುಕ್ಕೆ ಕಾಲು ಭಾಗಕ್ಕೆ ಇಳಿಯಿತು! ತೂಕವೂ ಸುಮಾರು 1 ಎಂಬಿಗೆ ಇಳಿಯುತ್ತದೆ. ಇಡೀ ಸೀರೆ ತೋರಿಸಲು 30 ಲಕ್ಷ ಚುಕ್ಕೆ ಧಾರಾಳ ಸಾಕು. ಆದರೆ ಹೊಲಿಗೆಯ ಫೋಟೋ ಹಗುರ ಮಾಡಿದರೆ ಮೆಂತೆ ಹೊಲಿಗೆಯ ಅಡ್ಡಗೆರೆ ಒಂದರೊಳಗೊಂದು ಕಲಸಿಹೋಗುತ್ತದೆ. ವಾಟ್ಸಾಪಿನಲ್ಲಿ ಆದದ್ದೂ ಇದೇ ತಾನೇ?

ಅದಕ್ಕೆ ನಾವು ಹೀಗೆ ಮಾಡಿದೆವು. ಇಡೀ ಸೀರೆಯ ನಾಲ್ಕು ಫೋಟೋ ಮಾತ್ರ ಹಗುರ ಮಾಡಿದೆವು. ಅವು ನಾಲ್ಕೂ ಸೇರಿ 4 ಎಂಬಿ. ಅವಕ್ಕೆ ಒಂದು ಪತ್ರ. ಹೊಲಿಗೆಯ ನಾಲ್ಕು ಫೋಟೋ ಹೇಗಿತ್ತೋ ಹಾಗೇ, 16 ಎಂಬಿ, ಎರಡನೇ ಪತ್ರ. ಹಿಂಬದಿಯ ನಾಲ್ಕು, ಮೂರನೇ ಪತ್ರ.

ಹಗುರ ಮಾಡೋದಕ್ಕೆ ಕಂಪ್ಯೂಟರಿನಲ್ಲೇ 'ಪೇಂಟ್' ಎಂಬ ಸಲಕರಣೆ ಇದೆ. ಫೋಟೋವನ್ನು ಅದರಲ್ಲಿ ತೆರೆಯಿರಿ. 'ರೀಸೈಜ್' ಒತ್ತಿ. ಶೇಕಡಾ 50 ಎಂದು ಬರೆಯಿರಿ. ಆಮೇಲೆ 'ಸೇವ್' ಒತ್ತಬೇಡಿ, 'ಸೇವ್ ಆಸ್' ಒತ್ತಿ. ಬೇರೆ ಹೆಸರು ಕೊಡಿ. 'ಸೇವ್' ಒತ್ತಿದರೆ ಮೂಲ ಫೋಟೋ ಹೋಗಿ ಹಗುರದ್ದು ಮಾತ್ರ ಉಳಿಯುತ್ತದೆ. ಸಣ್ಣ ಮಾಡಿದ ಫೋಟೋವನ್ನು ಮತ್ತೆ ದೊಡ್ಡದು ಮಾಡಬಹುದು, ಆದ್ರೆ ಕಳೆದ ಚುಕ್ಕೆ ವಾಪಸ್ ಬರೋದಿಲ್ಲ. ಕತ್ತರಿಸಿದ ಎಳೆ ಬಟ್ಟೆಗೆ ಮತ್ತೆ ಕೂಡುವುದಿಲ್ಲವಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡ್ತೀವಿ. ಕಪ್ಪು ಚಂದ್ರಕಾಳಿ ಸೀರೆಯ ಫೋಟೋವನ್ನು ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ತೆಗೆಯಬೇಡಿ. ಬೆಳಿಗ್ಗೆ ಅಂಗಳದಲ್ಲಿ, ನೆರಳಿನಲ್ಲಿ ಹಾಸಿ ತೆಗೆಯಿರಿ. ಮಸುಕಾದ ಫೋಟೋ ಎಷ್ಟು ಎಂಬಿ ಇದ್ದರೂ ಮಸುಕೇ.

ಇಂಗ್ಲಿಷಿನಲ್ಲಿ 'ತಪ್ಪು' ಅಂತ ಬಂದರೆ

ಅಧ್ಯಕ್ಷೆಯ ಮಗ ಫೋನಿನಲ್ಲೇ ಒಂದು ಉಪಾಯ ಹೇಳಿದ್ದನಂತೆ. ಫೋಟೋದ ಮೇಲೆ ಬಲಗಡೆ ಬಟನ್ ಒತ್ತಿ, 'ಸೆಂಡ್ ಟು' ಆರಿಸಿ, ಅಲ್ಲಿಂದಲೇ ಇ-ಮೇಲ್ ಮಾಡೋದು. ಒತ್ತಿದ ಕೂಡಲೇ ಇಂಗ್ಲಿಷಿನಲ್ಲಿ ಏನೋ ಬಂತು. ಎಲ್ಲರೂ ಹೆದರಿ ಕೈ ತೆಗೆದರು.

ಇದರಲ್ಲಿ ಅವರ ತಪ್ಪು ಏನೂ ಇಲ್ಲ. ಆ ದಾರಿಗೆ ಕಂಪ್ಯೂಟರಿನೊಳಗೆ ಪತ್ರ ಕಳಿಸುವ ಬೇರೆ ಸಲಕರಣೆ ಸಿದ್ಧವಾಗಿರಬೇಕು. ನಾವು ಬಳಸುವ ಜಿಮೇಲ್ ಇರುವುದು ಇಂಟರ್ನೆಟ್ಟಿನ ಪುಟದಲ್ಲಿ. ಕಂಪ್ಯೂಟರಿಗೆ ಅದು ಗೊತ್ತಾಗೋದಿಲ್ಲ. ಮನೆ ಕಂಪ್ಯೂಟರುಗಳಲ್ಲಿ ಇದು ಬಹಳ ಸಲ ಕೈಕೊಡುತ್ತದೆ. ಪುಟ ತೆರೆದು ಕ್ಲಿಪ್ಪು ಒತ್ತುವುದೇ ನೇರ ದಾರಿ. ಕ್ಲಿಪ್ಪು ಒತ್ತಿದರೂ ಏನೂ ಆಗದಿದ್ರೆ ಪುಟ ಮುಚ್ಚಿ ಮತ್ತೆ ತೆರೆಯಿರಿ. ಆಗಲೂ ಆಗದಿದ್ರೆ ಬೇರೆ ಬ್ರೌಸರಿನಲ್ಲಿ ತೆರೆದು ನೋಡಿ.

ಫೋಟೋಗೆ ಜಾತಿಯೂ ಇದೆ. ಬಹುಪಾಲು ಫೋಟೋ 'ಜೆಪಿಜಿ' ಜಾತಿಯವು. ಎಲ್ಲ ಕಂಪ್ಯೂಟರಿನಲ್ಲೂ ತೆರೆಯುತ್ತವೆ. ಆಪಲ್ ಕಂಪನಿಯವರು 2017ರಿಂದ ತಮ್ಮ ಐಫೋನಿನಲ್ಲಿ 'ಎಚ್‌ಇಐಸಿ' ಎಂಬ ಜಾತಿ ತಂದರು. ಅದು ಹಗುರ, ಆದರೆ ಕೆಲವು ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ಹೆಸರಿನ ಕೊನೆಯಲ್ಲಿ ಜೆಪಿಜಿ ಎಂದು ಬರೆದರೆ ಜಾತಿ ಬದಲಾಗೋದಿಲ್ಲ. ಡಬ್ಬಿಯ ಚೀಟಿ ಬದಲಿಸಿದರೆ ಒಳಗಿನ ಸಕ್ಕರೆ ಉಪ್ಪಾಗುತ್ತದೆಯೇ? ಐಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ 'ಫಾರ್ಮ್ಯಾಟ್ಸ್' ಎಂಬುದಕ್ಕೆ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿದರೆ ಮುಂದಿನ ಫೋಟೋಗಳು ಜೆಪಿಜಿ ಆಗಿ ಬರುತ್ತವೆ. ಸಂಘದ ಫೋನು ಆ ಥರದ್ದಲ್ಲ. ಆ ತೊಂದರೆ ಬರಲಿಲ್ಲ.

ಕರೆಂಟು ಹೋಯಿತು

ಮೊದಲ ಪತ್ರ ಸಲೀಸಾಗಿ ಹೋಯಿತು. ಎರಡನೇ ಪತ್ರಕ್ಕೆ ನಾಲ್ಕು ಫೋಟೋ ಆರಿಸಿದೆವು. ಪ್ರತಿ ಫೋಟೋದ ಹೆಸರಿನ ಪಕ್ಕ ಒಂದು ಪಟ್ಟಿ ಕಾಣುತ್ತದೆ. ಕೊಡ ತುಂಬಿದ ಹಾಗೆ ಅದು ನಿಧಾನ ತುಂಬುತ್ತದೆ. ಪೂರಾ ತುಂಬಿದ ಮೇಲೆ ಪಟ್ಟಿ ಮಾಯವಾಗಿ ಹೆಸರು ಮತ್ತು ತೂಕ ಮಾತ್ರ ಉಳಿಯುತ್ತದೆ. ಅಲ್ಲಿವರೆಗೆ ಪುಟ ಮುಚ್ಚಬಾರದು. ಹಳ್ಳಿಯ ಇಂಟರ್ನೆಟ್ಟಿನಲ್ಲಿ ಇದಕ್ಕೆ ಚಹಾ ಕುಡಿಯುವಷ್ಟು ಹೊತ್ತು ಹಿಡಿದರೂ ಹಿಡಿಯಿತು.

ಚಹಾ ಬರುವುದರೊಳಗೆ ಕರೆಂಟು ಹೋಯಿತು. ಕಂಪ್ಯೂಟರು ಆರಿತು.

"ಎಲ್ಲಾ ಹೋತಲ್ರಿ" ಅಂದರು ಒಬ್ಬರು. ಎಲ್ಲಾ ಹೋಗಿರಲಿಲ್ಲ. ಅರ್ಧ ಬರೆದ ಪತ್ರವನ್ನು ಜಿಮೇಲ್ 'ಡ್ರಾಫ್ಟ್ಸ್' ಎಂಬ ಕಡೆ ಕಾದಿಡುತ್ತದೆ. ಕರೆಂಟು ಬಂದ ಮೇಲೆ ಅಲ್ಲಿ ನೋಡಿದೆವು. ಪತ್ರ ಇತ್ತು. ಫೋಟೋ ಮೂರೇ ಇದ್ದವು. ನಾಲ್ಕನೆಯದು ದಾರಿಯಲ್ಲಿ ನಿಂತಿತ್ತು.

ಮೂರೇ ಇವೆ ಅಂತ ಕೂಡಲೇ ಗೊತ್ತಾದದ್ದು ಹೇಗೆ? ಪತ್ರದಲ್ಲೇ ಲೆಕ್ಕ ಬರೆದಿದ್ದೆವು. ಓದಿ ನೋಡಿ:

'ನಮಸ್ಕಾರ. ನೀವು ಕೇಳಿದ ಕಸೂತಿ ಸೀರೆಗಳ ಹೊಲಿಗೆಯ ಫೋಟೋ ಕಳಿಸಿದ್ದೇವೆ. ಇದು ಮೂರು ಪತ್ರಗಳಲ್ಲಿ ಎರಡನೆಯದು. ಲಗತ್ತು: 4 ಫೋಟೋ. ತಲುಪಿದ್ದರೆ ದಯವಿಟ್ಟು ತಿಳಿಸಿ. ತಲುಪದಿದ್ದರೆ ಮತ್ತೆ ಕಳಿಸುತ್ತೇವೆ.'

ಅರ್ಜಿಯಲ್ಲಿ ಬರೆಯುವ ಹಳೇ ಪದ್ಧತಿ ಇದು. ಇದನ್ನು ಬಿಡಬೇಡಿ. ಕಳಿಸುವವರು ಎಣಿಸಬಹುದು, ಪಡೆಯುವವರೂ ಎಣಿಸಬಹುದು.

ಹೋಯಿತೋ ಇಲ್ಲವೋ

ಹೋಗಿದೆಯೇ ಎಂದು ನೋಡಲು 'ಸೆಂಟ್' ಎಂಬ ಜಾಗ ಇದೆ. ಕಳಿಸಿದ ಪತ್ರಗಳು ಅಲ್ಲಿರುತ್ತವೆ. ಪತ್ರ ತೆರೆಯಿರಿ. ಕೆಳಗೆ ಫೋಟೋ ಕಾಣಬೇಕು. ಫೋಟೋವನ್ನು ಒತ್ತಿದರೆ ಅದು ತೆರೆಯಬೇಕು. ಇನ್ನೂ ಒಳ್ಳೆಯ ಉಪಾಯ ಇದೆ. ಮೊದಲು ನಮ್ಮ ವಿಳಾಸಕ್ಕೇ ಒಂದು ಪತ್ರ ಕಳಿಸಿ ನೋಡುವುದು. ನಮಗೆ ಬಂದ ಪತ್ರದಲ್ಲಿ ಹೊಲಿಗೆ ಚೆನ್ನಾಗಿ ಕಂಡರೆ ಅವರಿಗೂ ಕಾಣುತ್ತದೆ. ಅಡುಗೆಯ ಉಪ್ಪು ಖಾರ ನೋಡಿ ಬಡಿಸುವ ಹಾಗೆ.

ವಿಳಾಸದಾರರು ಸಿಗದಿದ್ದರೆ ಅಂಚೆಯವರು ಕಾಗದವನ್ನು ವಾಪಸ್ ತರುತ್ತಾರೆ. ಇ-ಮೇಲಿನಲ್ಲೂ ಹಾಗೆ ವಾಪಸ್ ಬರುತ್ತದೆ. 'ಮೇಲರ್ ಡೀಮನ್' ಎಂಬ ಹೆಸರಿನಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬರುತ್ತದೆ. ಯಾರೋ ಮೋಸಗಾರರು ಅಂತ ಅಳಿಸಿಬಿಡಬೇಡಿ. ನಾವು ಪತ್ರ ಕಳಿಸಿದ ಕೂಡಲೇ ಬಂದರೆ ಅದು ವಾಪಸ್ ಬಂದ ಕಾಗದವೇ. ವಿಳಾಸ ತಪ್ಪೋ, ಪತ್ರ ಭಾರವೋ, ಆ ಕಡೆಯ ಪೆಟ್ಟಿಗೆ ತುಂಬಿದೆಯೋ ಎಂದು ಅದರಲ್ಲಿ ಬರೆದಿರುತ್ತದೆ. ಇಂಗ್ಲಿಷ್ ಓದುವ ಮಕ್ಕಳಿಂದ ಓದಿಸಿ. ವಿಳಾಸದಲ್ಲಿ ಒಂದು ಚುಕ್ಕೆ ಬಿಟ್ಟುಹೋದರೂ ಪತ್ರ ತಲುಪದೆ ಇರಬಹುದು. ಇಲ್ಲವೇ ಬೇರೆ ಯಾರಿಗೋ ಹೋಗಬಹುದು. ಒಂದೊಂದೇ ಅಕ್ಷರ ನೋಡಿ ಬರೆಯಿರಿ.

ನಮ್ಮ ಪೆಟ್ಟಿಗೆಯೂ ತುಂಬಬಹುದು. ಗೂಗಲ್ ಒಬ್ಬರಿಗೆ 15 ಜಿಬಿ ಜಾಗ ಪುಕ್ಕಟೆ ಕೊಡುತ್ತದೆ. ಒಂದು ಜಿಬಿ ಅಂದ್ರೆ ಸುಮಾರು ಸಾವಿರ ಎಂಬಿ. ಅದರಲ್ಲೇ ಪತ್ರ, ಅದರಲ್ಲೇ ಫೋನಿನಿಂದ ತಾನಾಗಿ ಏರುವ ಫೋಟೋ, ವಿಡಿಯೋ ಎಲ್ಲ. ಅದು ತುಂಬಿದರೆ ಪತ್ರ ಕಳಿಸಲೂ ಆಗದು, ಬರಲೂ ಆಗದು. ಬೇಡದ ವಿಡಿಯೋ ಅಳಿಸಿದರೆ ಬೇಗ ಜಾಗ ಸಿಗುತ್ತದೆ.

ಶುಕ್ರವಾರ ಮಧ್ಯಾಹ್ನ ಅಂಗಡಿಯಿಂದ ಉತ್ತರ ಬಂತು. ಎರಡು ಪತ್ರ ಬಂದಿವೆ, ಮೂರನೆಯದು ಕಾಣುತ್ತಿಲ್ಲ ಎಂದು ಬರೆದಿದ್ದರು. ಮೂರು ಪತ್ರ ಎಂದು ಬರೆದಿದ್ದಕ್ಕೇ ಅವರು ಕೇಳಿದರು. ಇಲ್ಲಿ 'ಸೆಂಟ್' ನೋಡಿದೆವು, ಹೋಗಿತ್ತು. 'ಸ್ಪ್ಯಾಮ್' ನೋಡಿ ಅಂತ ಅವರಿಗೆ ಬರೆದೆವು. ಬೇಡದ ಪತ್ರ ಅಂತ ಕಂಪ್ಯೂಟರು ಅನುಮಾನಪಟ್ಟು ಬೇರೆ ಇಡುವ ಜಾಗ ಅದು. ಪತ್ರ ಅಲ್ಲೇ ಬಿದ್ದಿತ್ತು.

ಅವರು ಎರಡು ಸೀರೆ ತೆಗೆದುಕೊಂಡರು. ಇನ್ನೆರಡರ ಬಣ್ಣ ತಮ್ಮಲ್ಲಿ ಹೋಗುವುದಿಲ್ಲ ಅಂದರು. ಬೆಲೆಯನ್ನು ಅಧ್ಯಕ್ಷೆಗೇ ಬರೆದು ತಿಳಿಸಿದರು. ಅಧ್ಯಕ್ಷೆ ಆ ಪತ್ರವನ್ನು ಸಭೆಯಲ್ಲಿ ತಾವೇ ಓದಿದರು. ಮಧ್ಯವರ್ತಿ ಎಷ್ಟು ಕೊಡುತ್ತಿದ್ದ ಅಂತ ಆಗ ಎಲ್ಲರೂ ಲೆಕ್ಕ ಹಾಕಿದರು.

ಪಾಸ್‌ವರ್ಡಿನ ಮಾತು

ಫೋಟೋ ಹೋಗದೆ ಇದ್ದಾಗ ಯಾರನ್ನಾದರೂ ಕರೆಯುತ್ತೇವೆ. ತಪ್ಪಿಲ್ಲ. ಆದರೆ ಪಾಸ್‌ವರ್ಡನ್ನು ಅವರಿಗೆ ಹೇಳಬೇಡಿ. ನೀವೇ ಒತ್ತಿ. ಮನೆಯ ಬೀಗದ ಕೈ ಯಾರ ಕೈಗೂ ಕೊಡೋದಿಲ್ಲವಲ್ಲ. ಸೈಬರ್ ಸೆಂಟರಿನಲ್ಲಿ ಕೆಲಸ ಮಾಡಿದರೆ ಏಳುವ ಮೊದಲು 'ಸೈನ್ ಔಟ್' ಮಾಡಿ.

ಆಧಾರ್ ಕಾರ್ಡಿನ ಫೋಟೋ ಕೇಳಿದರೆ ಯಾರು, ಯಾಕೆ ಅಂತ ಮೊದಲು ಕೇಳಿ. ಮೊದಲ ಎಂಟು ಅಂಕಿ ಮುಚ್ಚಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಇದೆ. ಆಧಾರಿನ ವೆಬ್‌ಸೈಟಿನಿಂದಲೇ ಅದನ್ನು ಇಳಿಸಿಕೊಳ್ಳಬಹುದು. ಗುರುತಿಲ್ಲದವರ ಪತ್ರದಲ್ಲಿ ಲಗತ್ತು ಇದ್ದರೆ ತೆರೆಯಬೇಡಿ. ಇಂಥ ಪತ್ರದಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ ದೂರು ಕೊಡಿ.

ಅಭ್ಯಾಸ

ಓದಿ, ಬರೆಯಿರಿ: ಲಗತ್ತು, ತೂಕ, ಚುಕ್ಕೆ, ಫೋಲ್ಡರು, ವಿಳಾಸ, ಹಿಂಬದಿ, ಮಧ್ಯವರ್ತಿ.

ಲೆಕ್ಕ ಮಾಡಿ: ಒಂದು ಫೋಟೋ 5 ಎಂಬಿ ಇದೆ. ಆರು ಫೋಟೋ ಕಳಿಸಬೇಕು. ಒಂದು ಪತ್ರಕ್ಕೆ 16 ಎಂಬಿ ದಾಟಬಾರದು. ಎಷ್ಟು ಪತ್ರ ಬೇಕು?

ಒಬ್ಬ ಅಕ್ಕ ಲಗತ್ತಿಸಿದ ಫೋಟೋದ ತೂಕ 2 ಕೆಬಿ ಎಂದು ತೋರಿಸಿತು. ಬೇರೆ ಫೋಟೋಗಳು 4 ಎಂಬಿ ಇವೆ. ಅವರು ಲಗತ್ತಿಸಿದ್ದು ಏನಿರಬಹುದು? ಪಕ್ಕದವರ ಜೊತೆ ಮಾತಾಡಿ ಹೇಳಿ.

ನಿಮ್ಮ ಸಂಘ ಮಾಡುವ ಒಂದು ವಸ್ತುವಿನ ಮೂರು ಫೋಟೋ ತೆಗೆಯಿರಿ. ಜೊತೆಗೆ ನಾಲ್ಕು ಸಾಲಿನ ಪತ್ರ ಬರೆಯಿರಿ. ಎಷ್ಟು ಲಗತ್ತು ಎಂದು ಅದರಲ್ಲಿ ಬರೆಯಿರಿ. ಮೊದಲು ನಿಮ್ಮ ವಿಳಾಸಕ್ಕೇ ಕಳಿಸಿ, ತೆರೆದು ನೋಡಿ.